ಡ್ರಾಯರಿನಲ್ಲಿ 131 ಜನ: ಪೀಣ್ಯದ ಒಂದು ವರ್ಕ್‌ಶಾಪಿನ ಬಾಕಿ ಪುಸ್ತಕ

ಪಕ್ಕದ ಶೆಡ್ಡಿನ ಹುಡುಗ ಒಂದು ಥ್ರೆಡ್ ರಿಂಗ್ ಗೇಜ್ (ಸ್ಕ್ರೂ ಥ್ರೆಡ್ಡಿನ ಅಳತೆ ನೋಡುವ ಬಳೆ) ಕೇಳಿಕೊಂಡು ಬಂದ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಇದೇನೂ ಹೊಸದಲ್ಲ. ಗೇಜು, ಟ್ಯಾಪು, ಕೆಲವು ಸಲ ಕೊಲೆಟ್ಟು ಕೂಡ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಹೋಗಿ ಬರುತ್ತಿರುತ್ತವೆ, ಅಕ್ಕಪಕ್ಕದ ಮನೆಗಳಲ್ಲಿ ಸಕ್ಕರೆ, ಕಾಫಿಪುಡಿ ಓಡಾಡಿದ ಹಾಗೆ. ಸೈಜ್ ತಪ್ಪಬಾರದು ಅಂತ ಹುಡುಗ ಡ್ರಾಯಿಂಗನ್ನೇ ಕೈಲಿ ಹಿಡಿದುಕೊಂಡು ಬಂದಿದ್ದ. ನನ್ನ ಗೆಳೆಯ ಡ್ರಾಯಿಂಗ್ ನೋಡಿದ, ಮೂಲೆಯಲ್ಲಿದ್ದ ಕಂಪನಿ ಹೆಸರು ನೋಡಿದ, ಗೇಜ್ ಕೊಟ್ಟು ಕಳಿಸಿದ, ಆಮೇಲೆ ಅರ್ಧ ಗಂಟೆ ಯಾರ ಹತ್ತಿರವೂ ಮಾತಾಡಲಿಲ್ಲ.

ಅದೇ ಡ್ರಾಯಿಂಗ್ ಇವನ ಫೋನಿನಲ್ಲೂ ಇತ್ತು. ಹೆಚ್ಚುಕಮ್ಮಿ ಏಳು ವಾರದಿಂದ ಇತ್ತು. ವಾಟ್ಸಾಪಿನಲ್ಲಿ, ಸೇವ್ ಮಾಡದ ಒಂದು ನಂಬರಿನಿಂದ, ಮಾತಾಡಿದ ಹಾಗೆ ಡ್ರಾಯಿಂಗ್ ಕಳಿಸಿದ್ದೇನೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು, ಕೆಳಗೆ ಪಿಡಿಎಫ್. ಕೊಯಮತ್ತೂರಿನ ಪಂಪ್ ಕಂಪನಿಯೊಂದರ ಶಾಫ್ಟ್. ಜನವರಿಯಲ್ಲಿ ಪ್ರದರ್ಶನದ ಊಟದ ಟೇಬಲ್ಲಿನಲ್ಲಿ ಎದುರಿಗೆ ಕೂತಿದ್ದ ಅವರ ಪರ್ಚೇಸ್ ಮ್ಯಾನೇಜರಿಗೆ "ಮೂರೇ ದಿನ ಸರ್, ರೇಟು ಕೊಡ್ತೀನಿ" ಅಂದವನು ಇವನೇ. ರೇಟು ಹೋಗಲೇ ಇಲ್ಲ, ಕೆಲಸ ಪಕ್ಕದ ಶೆಡ್ಡಿಗೆ ಹೋಯಿತು.

ನಾನು ಈ ಪ್ರಕರಣ ಬರೆಯುತ್ತಿರುವುದು ಆ ಅರ್ಧ ಗಂಟೆಯ ಮೌನದಿಂದಾಗಿ. ಹೆಸರು ಹಾಕಬೇಡ, ಉಳಿದಿದ್ದೆಲ್ಲ ಬರಿ ಅಂದಿದ್ದಾನೆ ಗೆಳೆಯ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಅವನದು ಪೀಣ್ಯ ಎರಡನೇ ಹಂತದಲ್ಲಿ ಬಾಡಿಗೆ ಶೆಡ್ಡು. ನಾಲ್ಕು ಸಿಎನ್‌ಸಿ ಲೇತು (ಕಂಪ್ಯೂಟರ್ ಹೇಳಿದ ಹಾಗೆ ಲೋಹವನ್ನು ತಿರುಗಿಸಿ ಕಡಿಯುವ ಮಷೀನು), ಎರಡು ವಿಎಂಸಿ (ಮೇಲಿನಿಂದ ಕೊರೆದು ಕಡಿಯುವ ಮಷೀನು), ಹನ್ನೊಂದು ಜನ. ಕೆಲಸದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಒಂದೇ ಗಿರಾಕಿಯದು, ವಾಹನದ ಬಿಡಿಭಾಗ ಮಾಡುವವರದು. 2024ರ ಕೊನೆಗೆ ಆ ಗಿರಾಕಿ ತಿಂಗಳ ಶೆಡ್ಯೂಲ್ ಇಳಿಸುತ್ತಾ ಬಂದರು. ಲೇತು ನಿಂತರೂ ಇಎಂಐ ನಿಲ್ಲುವುದಿಲ್ಲವಲ್ಲ. ನಾನು ಸಾಫ್ಟ್‌ವೇರ್ ಕೆಲಸ ಬಿಟ್ಟ ಮೇಲೆ ಇಂಥ ನಾಲ್ಕೈದು ಸಣ್ಣ ವರ್ಕ್‌ಶಾಪುಗಳ ಕೊಟೇಶನ್, ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹೊಸ ಗಿರಾಕಿ ಹುಡುಕು ಅಂತ ಇವನ ಬೆನ್ನು ಹತ್ತಿದ್ದವನು ನಾನೇ. ಇಮ್‌ಟೆಕ್ಸ್‌ಗೆ ಹೋಗು ಅಂತ ಅಟ್ಟಿದವನೂ ನಾನೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಮ್‌ಟೆಕ್ಸ್ ಅಂದರೆ ಭಾರತದ ಮಷೀನ್ ಟೂಲ್ ತಯಾರಕರ ಸಂಘ ನಡೆಸುವ ದೊಡ್ಡ ಪ್ರದರ್ಶನ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುತ್ತದೆ. 2025ರಲ್ಲಿ ಜನವರಿ 23ರಿಂದ 29ರವರೆಗೆ ಇತ್ತು. ಹಿಂದಿನ ನವೆಂಬರಿನಲ್ಲಷ್ಟೇ ಹಸಿರು ಮೆಟ್ರೊ ಮಾದಾವರದವರೆಗೆ ಬಂದಿತ್ತು, ಹಾಗಾಗಿ ಆ ಸಲ ನಾಗಸಂದ್ರದಿಂದಾಚೆ ಟ್ರಾಫಿಕ್ಕಿನಲ್ಲಿ ಕೊಳೆಯದೆ ನೇರ ಬಾಗಿಲಿಗೇ ಹೋಗಿ ಇಳಿಯಬಹುದಿತ್ತು. ಇವನು ಮೂರು ದಿನ ಹೋದ. ಮೂರನೇ ದಿನ ಸಂಜೆ ಫೋನ್ ಮಾಡಿ "ಕಾಲು ಹೋಯ್ತು ಮಾರಾಯ, ಆದ್ರೆ ನೂರ ಮೂವತ್ತು ಜನ ಸಿಕ್ಕಿದ್ರು" ಅಂದ. ನಾನು ಭೇಷ್ ಅಂದೆ. ಈಗ ನೆನೆದರೆ ಆ ಭೇಷ್ ಅನ್ನೇ ವಾಪಸ್ ತಗೊಳ್ಳಬೇಕು ಅನ್ನಿಸುತ್ತದೆ.

ಮಾರನೇ ದಿನ ಒಂದು ಲೇತಿನ ಟರೆಟ್ (ಟೂಲುಗಳನ್ನು ಹಿಡಿದು ತಿರುಗಿಸುವ ಭಾಗ) ಕೈಕೊಟ್ಟಿತು. ಅದರ ಹಿಂದೆಯೇ ತಿಂಗಳ ಕೊನೆಯ ಡಿಸ್‌ಪ್ಯಾಚ್, ಆಮೇಲೆ ಒಬ್ಬ ಆಪರೇಟರ್ ಊರಿಗೆ ಹೋದವನು ಬರಲಿಲ್ಲ. ಕಾರ್ಡುಗಳಿಗೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಟೇಬಲ್ ಡ್ರಾಯರಿನಲ್ಲಿ ಇಟ್ಟ, ಇನ್ಸರ್ಟ್ (ಲೋಹ ಕಡಿಯುವ ಸಣ್ಣ ಅಲಗು) ಡಬ್ಬಿಗಳ ಪಕ್ಕ. ಫೆಬ್ರವರಿ 18ಕ್ಕೆ ನೆನಪಾಯಿತು. ಅವತ್ತು ಮಾಡಿದ್ದೇನು ಗೊತ್ತಾ? ಎಲ್ಲ ನಂಬರನ್ನೂ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ ಹಾಕಿ, "ಡಿಯರ್ ಸರ್, ಗ್ರೀಟಿಂಗ್ಸ್" ಅಂತ ಶುರುವಾಗುವ ಒಂದು ಮೆಸೇಜು, ಜೊತೆಗೆ 14 ಎಂಬಿಯ ಕಂಪನಿ ಪ್ರೊಫೈಲ್ ಕಳಿಸಿದ. ಆ ಪ್ರೊಫೈಲಿನ ಮೊದಲ ಪುಟದಲ್ಲಿ ದೀಪ ಬೆಳಗಿಸುತ್ತಿರುವ ಫೋಟೊ. ಎರಡನೇ ಪುಟದಲ್ಲಿ ಧ್ಯೇಯವಾಕ್ಯ. ಮಷೀನುಗಳ ವಿವರ ಏಳನೇ ಪುಟದಲ್ಲಿ.

ವಾಟ್ಸಾಪ್ ಬ್ರಾಡ್‌ಕಾಸ್ಟಿನ ಒಂದು ಗುಟ್ಟು ಇವನಿಗೆ ಗೊತ್ತಿರಲಿಲ್ಲ. ಯಾರು ನಮ್ಮ ನಂಬರನ್ನು ಸೇವ್ ಮಾಡಿಕೊಂಡಿರುತ್ತಾರೋ ಅವರಿಗೆ ಮಾತ್ರ ಅದು ತಲುಪುತ್ತದೆ. ಉಳಿದವರ ಹತ್ತಿರ ಹೋಗುವುದೇ ಇಲ್ಲ. ಪ್ರದರ್ಶನದಲ್ಲಿ ಐದು ನಿಮಿಷ ಸಿಕ್ಕವರು ನಮ್ಮ ನಂಬರನ್ನು ಯಾಕೆ ಸೇವ್ ಮಾಡಿಕೊಳ್ಳುತ್ತಾರೆ ಹೇಳಿ. ಒಂದು ಟಿಕ್, ಒಂದು ಟಿಕ್, ಒಂದು ಟಿಕ್. ನಾಲ್ಕು ಜನ ಕೈಮುಗಿಯುವ ಇಮೋಜಿ ಕಳಿಸಿದರು. ಆ ನಾಲ್ವರೂ ಟೂಲ್ ಮಾರುವವರು. "ಎಕ್ಸಿಬಿಷನ್ ಎಲ್ಲ ವೇಸ್ಟು" ಅಂತ ತೀರ್ಪು ಕೊಟ್ಟು ಇವನು ಕೆಲಸಕ್ಕೆ ಇಳಿದ. ಆಮೇಲೆ ಮಾರ್ಚಿನಲ್ಲಿ ಆ ಗೇಜಿನ ಹುಡುಗ ಬಂದ.

ಮಾರ್ಚ್ 16, ಭಾನುವಾರ

ಆ ಭಾನುವಾರ ಬೆಳಿಗ್ಗೆ ನಾನು, ಅವನು, ಒಂದು ಫ್ಲಾಸ್ಕ್ ಕಾಫಿ. ಡ್ರಾಯರನ್ನು ಟೇಬಲ್ ಮೇಲೆ ಬೋರಲು ಹಾಕಿದೆವು. 83 ಕಾಗದದ ಕಾರ್ಡು. ಉಳಿದವು ಫೋನಿನಲ್ಲಿ: "ಇಮ್‌ಟೆಕ್ಸ್ ಪುಣೆ", "ಇಮ್‌ಟೆಕ್ಸ್ ಪುಣೆ 2", "ವಾಲ್ವ್ ಸರ್", "ಕನ್ನಡಕ ಬೆಳಗಾವಿ". ಹೌದು, ಒಬ್ಬರ ಹೆಸರು ಕನ್ನಡಕ ಬೆಳಗಾವಿ. ಒಟ್ಟು 131.

ಒಂದೊಂದೇ ಕಾರ್ಡ್ ಎತ್ತಿ "ಇವರ ಹತ್ತಿರ ಏನು ಮಾತಾಡಿದೆ?" ಅಂತ ಕೇಳುತ್ತಾ ಹೋದೆ. ಮೊದಲ ಇಪ್ಪತ್ತರಲ್ಲಿ ಹದಿನಾರಕ್ಕೆ "ಗೊತ್ತಿಲ್ಲ". ಹೆಸರಿದೆ, ನಂಬರಿದೆ, ಈಮೇಲ್ ಇದೆ, ಹೊಳೆಯುವ ಕಾಗದ ಇದೆ. ಮಾತಿಲ್ಲ. ಅಲ್ಲಿಯವರೆಗೆ ನಾನು ಇದನ್ನು ನಂಬರ್ ಜೋಡಿಸಿಡುವ ಸಮಸ್ಯೆ ಅಂದುಕೊಂಡಿದ್ದೆ, ಒಂದು ಒಳ್ಳೆಯ ಆ್ಯಪ್ ಹಾಕಿಕೊಟ್ಟರೆ ಮುಗಿಯಿತು ಅಂತ. ಅವತ್ತು ಗೊತ್ತಾಯಿತು, ನಂಬರ್ ಒಂದೂ ಕಳೆದಿರಲಿಲ್ಲ.

ಮಾತನ್ನು ವಾಪಸ್ ತರಲು ಒಂದು ದಾರಿ ಸಿಕ್ಕಿತು, ಅದೂ ಅಕಸ್ಮಾತ್ತಾಗಿ. ಇವನಿಗೆ ಕಂಡಿದ್ದೆಲ್ಲ ಫೋಟೊ ತೆಗೆಯುವ ಚಟ. ಆ ಮೂರು ದಿನದಲ್ಲಿ 340 ಫೋಟೊ ತೆಗೆದಿದ್ದ. ಪ್ರತಿ ಫೋಟೊಗೂ ದಿನಾಂಕ, ಗಂಟೆ ಇರುತ್ತದಲ್ಲ, ಅದನ್ನು ಹಿಡಿದುಕೊಂಡು ಸಾಲಾಗಿ ನೋಡುತ್ತಾ ಹೋದೆವು. ಹನ್ನೊಂದು ಇಪ್ಪತ್ತಕ್ಕೆ ಒಂದು ಸ್ಪಿಂಡಲ್. ಹನ್ನೊಂದು ಮೂವತ್ತಕ್ಕೆ ಒಂದು ವಾಲ್ವ್ ಸ್ಟೆಮ್ಮನ್ನು (ವಾಲ್ವ್ ತೆರೆದು ಮುಚ್ಚುವ ಕಡ್ಡಿ) ಯಾರೋ ಅಂಗೈ ಮೇಲೆ ಇಟ್ಟುಕೊಂಡಿರುವ ಫೋಟೊ. "ಏಯ್, ಇದು ವಾಲ್ವ್ ಸರ್! ಹುಬ್ಬಳ್ಳಿಯವರು. ಇದಕ್ಕೆ ಫಿನಿಶ್ ಬರ್ತಿಲ್ಲ ಅಂತ ಬೈತಾ ಇದ್ರು, ಬ್ಯಾಗಿನಿಂದ ತೆಗೆದು ತೋರಿಸಿದ್ರು." ಹೀಗೆ ಫೋಟೊ, ಕಾಲ್ ಲಿಸ್ಟ್, ಯುಪಿಐ ಪೇಮೆಂಟಿನ ಸಮಯ, ಇಷ್ಟರಿಂದ ಹೆಣೆದು ಹೆಣೆದು ಮಧ್ಯಾಹ್ನದ ಹೊತ್ತಿಗೆ ಸುಮಾರು ಚಿತ್ರ ಬಂತು. ಪೊಲೀಸರು ಕೂಡ ಇಷ್ಟು ಕಷ್ಟಪಡುವುದಿಲ್ಲವೇನೋ.

ಮೂರು ಗುಡ್ಡೆ ಮಾಡಿದೆವು. 78 ಜನ ಇವನಿಗೇ ಏನನ್ನೋ ಮಾರುವವರು: ಮಷೀನು, ಇನ್ಸರ್ಟು, ಕೂಲೆಂಟು, ಸಾಫ್ಟ್‌ವೇರು. ಇದನ್ನು ನಾವು ಮೊದಲೇ ಯೋಚಿಸಬೇಕಿತ್ತು. ಮಷೀನ್ ಪ್ರದರ್ಶನದಲ್ಲಿ ಸ್ಟಾಲ್ ಹಾಕಿರುವವರು ಮಾರಲು ಬಂದಿರುತ್ತಾರೆ. ನಮಗೆ ಕೆಲಸ ಕೊಡಬಲ್ಲವರು ಸ್ಟಾಲಿನ ಹೊರಗೆ ನಮ್ಮ ಹಾಗೇ ಚೀಲ ಹಿಡಿದು ಅಡ್ಡಾಡುತ್ತಿರುತ್ತಾರೆ, ಊಟದ ಸಾಲಿನಲ್ಲಿ, ಮೆಟ್ರೊದಲ್ಲಿ, ಚಾರ್ಜರ್ ಪಾಯಿಂಟಿನ ಹತ್ತಿರ. ಇನ್ನು 20 ಜನ ಯಾರು ಅಂತ ಏನು ಮಾಡಿದರೂ ಹೊಳೆಯಲಿಲ್ಲ. ಉಳಿದ 33 ಜನ ಕೆಲಸ ಕೊಡಬಹುದಾದವರು, ಅಥವಾ ಅಂಥವರನ್ನು ಬಲ್ಲವರು. ಆ 33ರಲ್ಲಿ ಒಂಬತ್ತು ಜನರ ಹತ್ತಿರ ಇವನು ಏನೋ ಒಂದನ್ನು ಕೊಡುತ್ತೇನೆ ಅಂದಿದ್ದ. ರೇಟು, ಸ್ಯಾಂಪಲ್, ಯಾರದೋ ನಂಬರು, ಒಬ್ಬರಿಗಂತೂ ಪೀಣ್ಯದಲ್ಲಿ ಒಳ್ಳೆ ಹಾರ್ಡ್ ಕ್ರೋಮ್ ಪ್ಲೇಟಿಂಗ್ ಯಾರು ಮಾಡುತ್ತಾರೆ ಅಂತ ಕೇಳಿ ಹೇಳುತ್ತೇನೆ ಅಂದಿದ್ದ.

ಒಂಬತ್ತು ಮಾತು ಕೊಟ್ಟಿದ್ದ. ಒಂದನ್ನೂ ನಡೆಸಿರಲಿಲ್ಲ. ಕೆಟ್ಟವನಲ್ಲ, ಮರೆತಿದ್ದ ಅಷ್ಟೇ. ಆದರೆ ಆ ಕಡೆ ಇರುವವರಿಗೆ ಈ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಸಿಆರ್‌ಎಂ ಸತ್ತಿದ್ದು, ಬಾಕಿ ಪುಸ್ತಕ ಹುಟ್ಟಿದ್ದು

ಮೊದಲು ನಾನು ನನ್ನ ಹಳೆ ಬುದ್ಧಿ ತೋರಿಸಿದೆ. ಒಂದು ಸಿಆರ್‌ಎಂ ಆ್ಯಪ್ ಹಾಕಿಕೊಟ್ಟೆ, ಗಿರಾಕಿಗಳ ಲೆಕ್ಕ ಇಡುವಂಥದ್ದು, ಸಣ್ಣವರಿಗೆ ಪುಕ್ಕಟೆ. ಲೀಡ್, ಡೀಲ್, ಪೈಪ್‌ಲೈನ್ ಅಂತ ಅರ್ಧ ದಿನ ಪಾಠ ಮಾಡಿದೆ. ಹತ್ತು ದಿನ ಬದುಕಿತ್ತು. ಒಬ್ಬರನ್ನು ಸೇರಿಸಲು ಹನ್ನೆರಡು ಖಾನೆ ತುಂಬಬೇಕು, ಇವನ ಕೈಯಲ್ಲಿ ಸದಾ ಎಣ್ಣೆ, "ಲೀಡ್ ಸೋರ್ಸ್" ಅಂದರೆ ಏನು ಬರೆಯಬೇಕು ಅಂತ ಪ್ರತಿ ಸಲ ನನಗೆ ಫೋನು. ಆ್ಯಪಿನ ತಪ್ಪೇನಿಲ್ಲ. ಇಪ್ಪತ್ತು ಜನ ಸೇಲ್ಸ್ ಹುಡುಗರಿರುವ ಕಂಪನಿಗೆ ಹೊಲಿದ ಅಂಗಿ ಅದು.

ಹನ್ನೊಂದನೇ ದಿನ ಬೈದಾಡಿಕೊಂಡು ಕೂತಿದ್ದಾಗ ಇವನ ಅಪ್ಪನ ಮಾತು ಬಂತು. ಅವರದು ತಿಪಟೂರಿನ ಹತ್ತಿರ ಒಂದು ದಿನಸಿ ಅಂಗಡಿ ಇತ್ತು. ಕೆಂಪು ಬಟ್ಟೆ ಹೊದಿಸಿದ ಉದ್ದನೆ ಪುಸ್ತಕ. ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ ಅಂತ ಸಾಮಾನು ಒಯ್ದವರ ಹೆಸರು, ಏನು ಒಯ್ದರು, ಯಾವ ಸಂತೆಗೆ ಕೊಡುತ್ತೇನೆ ಅಂದರು. ಅಪ್ಪ ರಾತ್ರಿ ಅಂಗಡಿ ಬಾಗಿಲು ಹಾಕುವ ಮುಂಚೆ ಆ ದಿನದ್ದು ಬರೆಯದೆ ಎದ್ದವರೇ ಅಲ್ಲವಂತೆ. "ನಾಳೆ ಬರೆದರೆ ಅದು ಲೆಕ್ಕ ಅಲ್ಲ, ಕತೆ" ಅನ್ನುತ್ತಿದ್ದರಂತೆ.

ನಾನು ಆ್ಯಪ್ ಮುಚ್ಚಿದೆ. ಒಂದು ಗೂಗಲ್ ಶೀಟ್ ತೆಗೆದು ಮೇಲೆ "ಬಾಕಿ ಪುಸ್ತಕ" ಅಂತ ಬರೆದೆ. ಏಳು ಕಾಲಮ್ಮು: ಹೆಸರು ಮತ್ತು ಊರು, ಎಲ್ಲಿ ಯಾವಾಗ ಸಿಕ್ಕಿದ್ದು, ಏನು ಮಾತಾಡಿದ್ದು, ನನ್ನ ಬಾಕಿ, ಅವರ ಬಾಕಿ, ಕೊನೆಗೆ ಮಾತಾಡಿದ ದಿನ, ಮುಂದಿನ ದಿನ. ಮುಂದಿನ ದಿನ ದಾಟಿದರೆ ಸಾಲು ತಾನಾಗಿ ಕೆಂಪಾಗುವ ಹಾಗೆ ಮಾಡಿದೆ, ಕಂಡೀಷನಲ್ ಫಾರ್ಮ್ಯಾಟಿಂಗ್ ಅಂತ ಇರುತ್ತಲ್ಲ, ಅದು. ಇಷ್ಟೇ. ಇವನಿಗೆ ವಿವರಿಸಲು ಎರಡು ನಿಮಿಷ ಹಿಡಿಯಿತು. ಪೈಪ್‌ಲೈನ್ ತಲೆಗೆ ಹೋಗದವನಿಗೆ ಬಾಕಿ ಅನ್ನುವುದು ಹುಟ್ಟಿದಾಗಿನಿಂದ ಗೊತ್ತು.

ಇದರಲ್ಲಿ ನಿಜವಾಗಿ ಕೆಲಸ ಮಾಡಿದ್ದು ನಡುವಿನ ಎರಡು ಕಾಲಮ್ಮು. "ಫಾಲೋ ಅಪ್ ಮಾಡಬೇಕು" ಅಂತ ಬರೆದುಕೊಂಡರೆ ಮನಸ್ಸಿಗೆ ಮುಜುಗರ. ಫೋನ್ ಮಾಡಿ ಏನಂತ ಹೇಳುವುದು, ಸುಮ್ನೆ ಮಾಡಿದೆ ಸರ್ ಅನ್ನುವುದೇ? ಕೆಲಸ ಕೊಡಿ ಅಂತ ಬೇಡುವ ಹಾಗಾಗುತ್ತದೆ. ಇವನು ಆ ಮುಜುಗರಕ್ಕೇ ಹತ್ತು ಸಲ ಫೋನ್ ಕೈಗೆ ತಗೊಂಡು ಕೆಳಗಿಟ್ಟವನು. ಅದೇ "ನನ್ನ ಬಾಕಿ: ಹಾರ್ಡ್ ಕ್ರೋಮ್ ಮಾಡುವವರ ನಂಬರು" ಅಂತ ಇದ್ದರೆ ಹೇಳಲು ಒಂದು ಮಾತಿರುತ್ತದೆ. ಕೊಡಲು ಹೋಗುವವನಿಗೆ ಸಂಕೋಚ ಕಡಿಮೆ.

ಎಣ್ಣೆ ಕೈಯ ಸಮಸ್ಯೆಗೆ ಬೇರೆ ಉಪಾಯ. ಯಾರ ಹತ್ತಿರವಾದರೂ ಮಾತಾಡಿದ ಕೂಡಲೇ ತನ್ನದೇ ನಂಬರಿಗೆ ವಾಟ್ಸಾಪಿನಲ್ಲಿ ಇಪ್ಪತ್ತು ಸೆಕೆಂಡಿನ ವಾಯ್ಸ್ ನೋಟ್ ಹಾಕಿಕೊಳ್ಳುವುದು. ರಾತ್ರಿ ಅದನ್ನು ಕೇಳಿ ಶೀಟಿಗೆ ಇಳಿಸುವುದು. ಅಪ್ಪನ ಬಾಗಿಲು ಹಾಕುವ ಹೊತ್ತಿನ ನಿಯಮ.

ತಡವಾದ ಒಂಬತ್ತು ಮೆಸೇಜು

ಈಗ ಕಷ್ಟದ ಭಾಗ. ಏಳು ವಾರ ಕಳೆದ ಮೇಲೆ ಏನಂತ ಬರೆಯುವುದು? ಇವನು ಬರೆದ ಮೊದಲ ಕರಡಿನಲ್ಲಿ ಮಷೀನ್ ಕೆಟ್ಟಿದ್ದು, ಆಪರೇಟರ್ ಬರದಿದ್ದು ಎಲ್ಲ ಇತ್ತು. ಹೊಡೆದು ಹಾಕಿದೆ. ಯಾರಿಗೆ ಬೇಕು ಆ ಪುರಾಣ. ಕೊನೆಗೆ ಹುಬ್ಬಳ್ಳಿಯವರಿಗೆ ಹೋಗಿದ್ದು ಹೀಗಿತ್ತು:

"ಸರ್ ನಮಸ್ಕಾರ. ಜನವರಿ 25ಕ್ಕೆ ಇಮ್‌ಟೆಕ್ಸ್‌ನಲ್ಲಿ ಸಿಕ್ಕಿದ್ದೆವು, ನೀವು ಎಸ್‌ಎಸ್ 410 ಸ್ಟೆಮ್ ತೋರಿಸಿ ಫಿನಿಶ್ ಬರುತ್ತಿಲ್ಲ ಅಂದಿದ್ದಿರಿ. ಒಂದು ಪೀಸ್ ಮಾಡಿ ತೋರಿಸ್ತೀನಿ ಅಂದಿದ್ದೆ, ಮಾಡಲಿಲ್ಲ, ತಪ್ಪು ನನ್ನದು. ಸಮಸ್ಯೆ ಇನ್ನೂ ಇದ್ದರೆ ಎರಡು ಬ್ಲ್ಯಾಂಕ್ ಕಳಿಸಿ, ವಾರದಲ್ಲಿ ಮಾಡಿ ಅಳತೆ ಸಮೇತ ವಾಪಸ್ ಕಳಿಸುತ್ತೇನೆ. ಫೋಟೊ ಹಾಕಿದ್ದೇನೆ, ನೆನಪಾಗಬಹುದು."

ಫೋಟೊ ಅಂದರೆ ಅದೇ ಅಂಗೈ ಮೇಲಿನ ಸ್ಟೆಮ್ಮು. ಹತ್ತೇ ನಿಮಿಷಕ್ಕೆ ಉತ್ತರ ಬಂತು: "ಇದು ನಂದ ಕೈ!"

14 ಎಂಬಿ ಪ್ರೊಫೈಲಿನ ಬದಲು ಒಂದೇ ಪುಟದ ಮಷೀನ್ ಪಟ್ಟಿ ಮಾಡಿದೆವು. ಪರ್ಚೇಸ್‌ನವರು ನೋಡುವುದು ಇದನ್ನೇ: ಯಾವ ಮಷೀನು, ಎಷ್ಟು ವ್ಯಾಸ ಎಷ್ಟು ಉದ್ದದವರೆಗೆ ಟರ್ನ್ ಆಗುತ್ತದೆ, ಬಾರ್ ಫೀಡರ್ ಇದೆಯಾ, ಅಳೆಯಲು ಏನೇನಿದೆ, ಯಾವ ಲೋಹದಲ್ಲಿ ಕೈ ಪಳಗಿದೆ, ತಿಂಗಳಿಗೆ ಎಷ್ಟು ಗಂಟೆ ಖಾಲಿ ಇದೆ. ಕೊನೆಯ ಸಾಲನ್ನು ಹಾಕಲು ಇವನು ಒಪ್ಪಲೇ ಇಲ್ಲ, ಖಾಲಿ ಇದೆ ಅಂದರೆ ಮರ್ಯಾದೆ ಹೋಗುತ್ತದೆ ಅಂತ. ನಾನು ಹಟ ಹಿಡಿದು ಹಾಕಿಸಿದೆ. ಆಮೇಲೆ ಫೋನ್ ಮಾಡಿದವರು ಮೊದಲು ಕೇಳಿದ್ದೇ ಆ ಸಾಲನ್ನು.

ಒಂಬತ್ತರಲ್ಲಿ ಐದು ಜನ ಉತ್ತರಿಸಿದರು. ಇಬ್ಬರು ರೇಟು ಕೇಳಿದರು, ಹುಬ್ಬಳ್ಳಿ ಮತ್ತು ಬೆಳಗಾವಿ. ಬೆಳಗಾವಿಯವರು ಅಂದರೆ ಕನ್ನಡಕದವರೇ, ಫೌಂಡ್ರಿ ಇದೆ, ಎರಕದ ಮೇಲೆ ಮಷೀನಿಂಗ್ ಬೇಕಿತ್ತು. ರೇಟು ಕೂಡಿಬರಲಿಲ್ಲ, ಸಾಗಣೆಯಲ್ಲೇ ಲಾಭ ಹೋಗುತ್ತಿತ್ತು. ಹುಬ್ಬಳ್ಳಿಯದು ಕೂಡಿಬಂತು, ಆದರೆ ಎಷ್ಟು ದಿನಕ್ಕೆ? ಮಾರ್ಚ್ 17ಕ್ಕೆ ಮೆಸೇಜು. ಯುಗಾದಿ ಕಳೆದು ಬ್ಲ್ಯಾಂಕ್, ಅಂದರೆ ಇನ್ನೂ ಕಡಿಯದ ಲೋಹದ ತುಂಡು, ಬಂತು. ಸ್ಯಾಂಪಲ್ ಪಾಸಾಗಲು ಮೇ ಆಯಿತು. ಆಮೇಲೆ ವೆಂಡರ್ ಫಾರ್ಮು: ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ), ರದ್ದು ಮಾಡಿದ ಚೆಕ್ಕು, ಗೇಜುಗಳ ಕ್ಯಾಲಿಬ್ರೇಶನ್ ಸರ್ಟಿಫಿಕೇಟು. ಅವರ ಕ್ವಾಲಿಟಿಯವರು ಶೆಡ್ ನೋಡಲು ಬಂದಿದ್ದು ಜೂನ್ ಕೊನೆಗೆ. 200 ಪೀಸಿನ ಮೊದಲ ಆರ್ಡರ್ ಬಂದಾಗ ಆಗಸ್ಟ್. ಬಾಕಿ ಪುಸ್ತಕದಲ್ಲಿ ಆ ಒಂದು ಹೆಸರಿನ ಮುಂದೆ ಅಷ್ಟೊತ್ತಿಗೆ 14 ಸಲ "ಮುಂದಿನ ದಿನ" ಬದಲಾಗಿತ್ತು. ಪ್ರದರ್ಶನ ಮುಗಿದ ಮೇಲೆ ಒಂದು ಥ್ಯಾಂಕ್ಸ್ ಮೆಸೇಜ್ ಹಾಕಿ ಎಂಟು ದಿನ ಕಾಯುವವರಿಗೆ ನಾನು ಈ 14 ಅನ್ನು ತೋರಿಸುತ್ತೇನೆ.

ಎಡವಟ್ಟುಗಳೂ ಆದವು. ಹೊಸೂರಿನ ಒಬ್ಬರಿಗೆ ಇವನು ಉತ್ಸಾಹದಲ್ಲಿ ಒಂದೇ ವಾರ ಆರು ಸಲ ಫೋನ್ ಮಾಡಿದ. ಅದೂ ತಿಂಗಳ ಕೊನೆಯ ವಾರ, ಎಲ್ಲರೂ ಡಿಸ್‌ಪ್ಯಾಚ್ ಅಂತ ತಲೆ ಕೆಡಿಸಿಕೊಂಡಿರುವಾಗ. ಅವರು ಬ್ಲಾಕ್ ಮಾಡಿದರು. ನ್ಯಾಯವೇ. ಆಮೇಲೆ ನಾವು ಒಂದು ಲೆಕ್ಕ ಇಟ್ಟುಕೊಂಡೆವು: ಉತ್ತರ ಬರದಿದ್ದರೆ ವಾರ ಬಿಟ್ಟು ಒಂದು, ಮೂರು ವಾರ ಬಿಟ್ಟು ಇನ್ನೊಂದು, ಅದಾದ ಮೇಲೆ ಮೂರು ತಿಂಗಳು ಸುಮ್ಮನಿರುವುದು. 25ನೇ ತಾರೀಖಿನ ಮೇಲೆ ಯಾರಿಗೂ ಫೋನಿಲ್ಲ.

ಪುಣೆಯವರದು ಇನ್ನೊಂದು ತರಹ. ಚೆನ್ನಾಗಿ ಮಾತಾಡುತ್ತಿದ್ದರು, ಜೂನಿನಲ್ಲಿ ಫೋನ್ ಮಾಡಿದರೆ ಬೇರೆ ದನಿ. "ಅವರು ಬಿಟ್ಟುಹೋದರು, ಈ ನಂಬರ್ ಕಂಪನಿಯದು." ಕಂಪನಿ ಸಿಮ್! ಮನುಷ್ಯ ಹೋದ, ನಂಬರ್ ಕುರ್ಚಿಗೆ ಅಂಟಿಕೊಂಡೇ ಉಳಿಯಿತು. ಅವರು ಹೋಗಿ ಸೇರಿದ ಹೊಸ ಕಂಪನಿಯಲ್ಲೂ ನಮ್ಮ ಕೆಲಸ ಇತ್ತೋ ಏನೋ. ಲಿಂಕ್ಡ್‌ಇನ್‌ನಲ್ಲಿ ಹುಡುಕಲು ಪೂರ್ತಿ ಹೆಸರಾದರೂ ಬೇಕಲ್ಲ, ನಮ್ಮ ಹತ್ತಿರ ಇದ್ದಿದ್ದು "ಇಮ್‌ಟೆಕ್ಸ್ ಪುಣೆ 2". ಈಗ ಯಾರೇ ಸಿಗಲಿ, ಅವತ್ತೇ ಲಿಂಕ್ಡ್‌ಇನ್‌ನಲ್ಲೂ ಸೇರಿಸಿಕೊಳ್ಳುತ್ತಾನೆ. ಕಂಪನಿ ಬದಲಾದರೂ ಆ ಖಾತೆ ಮನುಷ್ಯನ ಜೊತೆಗೇ ಹೋಗುತ್ತದೆ.

ಇದರ ನಡುವೆ ಯಾರೋ ಒಬ್ಬ ಬಂದು 5000 ಪರ್ಚೇಸ್ ಮ್ಯಾನೇಜರುಗಳ ನಂಬರಿರುವ ಎಕ್ಸೆಲ್ ಫೈಲು, ಎರಡೇ ಸಾವಿರ ರೂಪಾಯಿ ಅಂದ. ಗೆಳೆಯ ನನ್ನ ಮುಖ ನೋಡಿದ. ನಾನು ಡ್ರಾಯರಿನ ಕಡೆ ನೋಡಿದೆ. ಅಲ್ಲಿಗೆ ಮುಗಿಯಿತು.

ನಾವು ಎಸೆದ ಗುಡ್ಡೆ

ಇನ್ನು ನನ್ನ ತಪ್ಪು. ಆ ಭಾನುವಾರ 78 ಜನ ಮಾರುವವರ ಗುಡ್ಡೆಯನ್ನು "ಇವರು ನಮ್ಮ ಜೇಬಿಗೆ ಕೈ ಹಾಕುವವರು, ಬೇಡ" ಅಂತ ಪಕ್ಕಕ್ಕೆ ತಳ್ಳಿದವನು ನಾನು. ಬಾಕಿ ಪುಸ್ತಕಕ್ಕೆ ಅವರನ್ನು ಸೇರಿಸಲೂ ಇಲ್ಲ.

ಜುಲೈಯಲ್ಲಿ ಅದೇ ಗುಡ್ಡೆಯ ಒಬ್ಬ ಇನ್ಸರ್ಟ್ ಮಾರುವ ಹುಡುಗ ಶೆಡ್ಡಿಗೆ ಬಂದ. ಪ್ರದರ್ಶನದಲ್ಲಿ ಗೆಳೆಯ ಅವನಿಗೆ ಒಂದು ಗ್ರೂವಿಂಗ್ ಟೂಲ್ ಟ್ರಯಲ್ ನೋಡುತ್ತೇನೆ ಅಂದಿದ್ದನಂತೆ. ಅದೂ ಒಂದು ಬಾಕಿ, ನಮ್ಮ ಒಂಬತ್ತರ ಲೆಕ್ಕಕ್ಕೆ ಬರದೇ ಉಳಿದದ್ದು. ಟ್ರಯಲ್ ಮಾಡಿದರು, ಟೂಲ್ ಚೆನ್ನಾಗಿತ್ತು, ಒಂದು ಡಬ್ಬಿ ತಗೊಂಡ. ಚಹಾ ಕುಡಿಯುತ್ತಾ ಆ ಹುಡುಗ ಹೇಳಿದ: ತುಮಕೂರಿನ ಹತ್ತಿರ ವಸಂತನರಸಾಪುರದಲ್ಲಿ ಒಂದು ಕಂಪನಿಗೆ ಟರ್ನಿಂಗ್ ಕೆಲಸ ಜಾಸ್ತಿಯಾಗಿ ಹೊರಗೆ ಕೊಡಲು ಜನ ಹುಡುಕುತ್ತಿದ್ದಾರೆ, ನಿಮ್ಮ ಮಷೀನ್ ಸೈಜಿಗೆ ಸರಿಹೋಗುತ್ತೆ, ಹೇಳಲಾ?

ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇ ಇಲ್ಲ. ಟೂಲ್ ಮಾರುವವನು ದಿನಕ್ಕೆ ಐದಾರು ಶೆಡ್ ಹತ್ತಿ ಇಳಿಯುತ್ತಾನೆ. ಯಾರ ಹತ್ತಿರ ಕೆಲಸ ತುಂಬಿದೆ, ಯಾರ ಮಷೀನ್ ನಿಂತಿದೆ, ಯಾರು ಯಾರಿಗೆ ದುಡ್ಡು ಕೊಟ್ಟಿಲ್ಲ, ಎಲ್ಲ ಅವನಿಗೆ ಗೊತ್ತು. ಹಳ್ಳಿಯಲ್ಲಿ ಬಳೆಗಾರನಿಗೆ ಯಾವ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ ಅಂತ ಗೊತ್ತಿರುತ್ತಿತ್ತಲ್ಲ, ಹಾಗೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಲೇಖನ ಬರೆದಿದ್ದರು. ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಹಿಡಿದು, ಆ ಪರಿಚಯದವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ ಅಂತ ಕೇಳಿದ್ದರು. ಪದೇ ಪದೇ ನೋಡುತ್ತಿದ್ದೆವು ಅಂದವರು ನೂರಕ್ಕೆ 16.7. ಆಗೊಮ್ಮೆ ಈಗೊಮ್ಮೆ ಅಂದವರು 55.6. ಅಪರೂಪಕ್ಕೆ ಅಂದವರು 27.8. ಹತ್ತಿರದ ಗೆಳೆಯರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ, ದೂರದ ಪರಿಚಯದವರು ಬೇರೆ ಜಗತ್ತಿನ ಸುದ್ದಿ ತರುತ್ತಾರೆ ಅನ್ನುವುದು ಅವರ ವಾದ. ಅವರು ಹೇಳಿದ್ದು ನೌಕರಿ ಬಗ್ಗೆ, ಜಾಬ್‌ವರ್ಕ್ (ಬೇರೆ ಕಂಪನಿಗೆ ಭಾಗ ಮಾಡಿಕೊಡುವ ಕೆಲಸ) ಬಗ್ಗೆ ಅಲ್ಲ. ಆದರೂ ನಾನು ಇದನ್ನು ಕಾಲೇಜಿನಲ್ಲೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ 78 ಕಾರ್ಡನ್ನು ಪಕ್ಕಕ್ಕೆ ತಳ್ಳಿದೆ.

ಈಗ ಆ 78ರಲ್ಲಿ ಹದಿನಾರು ಜನ ಬಾಕಿ ಪುಸ್ತಕದಲ್ಲಿದ್ದಾರೆ. ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆ, ತುಮಕೂರು ಕಡೆ ದಿನಾ ಓಡಾಡುವವರನ್ನಷ್ಟೇ ಆರಿಸಿದೆವು. ಅವರಿಗೆ ಇವನು ಕೊಡಬಲ್ಲದ್ದು ಆರ್ಡರ್ ಮಾತ್ರವಲ್ಲ ಅನ್ನುವುದೂ ನಿಧಾನವಾಗಿ ಹೊಳೆಯಿತು. ಯಾವ ಶೆಡ್ಡಿನಲ್ಲಿ ಹೊಸ ಮಷೀನ್ ಬರುತ್ತಿದೆ ಅಂತ ಇವನಿಗೆ ಗೊತ್ತಾದರೆ ಅವರಿಗೆ ಹೇಳುತ್ತಾನೆ. ಅದಕ್ಕೆ ಅವರ ಬಾಕಿ ಬೆಳೆಯುತ್ತದೆ.

ತುಮಕೂರಿನ ಕೆಲಸ ಸೆಪ್ಟೆಂಬರಿನಲ್ಲಿ ಶುರುವಾಯಿತು, ಒಂದು ಲೇತು ಪೂರ್ತಿ ಅದಕ್ಕೇ ಓಡುತ್ತಿದೆ. ಹಳೆ ಗಿರಾಕಿಯ ಪಾಲು ಎಪ್ಪತ್ತರಿಂದ ಐವತ್ತೈದರ ಹತ್ತಿರ ಬಂದಿದೆ. ಶೆಡ್ಡಿಗೆ ಇದು ಬದುಕಿಕೊಂಡೆ ಅನ್ನುವಷ್ಟು, ಗೆದ್ದೆ ಅನ್ನುವಷ್ಟಲ್ಲ. 33ರಲ್ಲಿ ಉಳಿದ 24 ಜನರಿಂದ ಇಲ್ಲಿಯವರೆಗೆ ಒಂದು ರೂಪಾಯಿಯ ಕೆಲಸವೂ ಬಂದಿಲ್ಲ.

ಅಕ್ಟೋಬರ್ 1ರ ಆಯುಧಪೂಜೆಗೆ ಇವನು ಫಾರ್ವರ್ಡ್ ಚಿತ್ರ ಕಳಿಸಲಿಲ್ಲ. ದೇವರ ಫೋಟೊ, ಕೆಳಗೆ ಕಂಪನಿ ಲೋಗೊ, ಅಂಥದ್ದು ಎಲ್ಲರಿಗೂ ಅವತ್ತು ನೂರು ಬಂದಿರುತ್ತವೆ. ಬಾಳೆಕಂದು ಕಟ್ಟಿದ ಲೇತಿನ ಮುಂದೆ ನಿಂತು, ಪುಸ್ತಕದಲ್ಲಿದ್ದ ನಲವತ್ತು ಚಿಲ್ಲರೆ ಜನಕ್ಕೆ ಒಬ್ಬೊಬ್ಬರದೇ ಹೆಸರು ಹೇಳಿ ಹತ್ತು ಸೆಕೆಂಡಿನ ವಾಯ್ಸ್ ನೋಟ್ ಕಳಿಸಿದ. ಒಂದೂವರೆ ಗಂಟೆ ಹಿಡಿಯಿತು. ಪೂಜೆಗೆ ಕೂತಿದ್ದ ಹೆಂಡತಿ ಎರಡು ಸಲ ಎದ್ದು ಬಂದು ನೋಡಿಹೋದರು. ಹತ್ತಿರದ ಆರು ಜನ ಶೆಡ್ಡಿಗೇ ಬಂದು ಕಡ್ಲೆಪುರಿ, ಸಿಹಿ ತಗೊಂಡು ಹೋದರು. ಅವರಲ್ಲಿ ಇನ್ಸರ್ಟ್ ಹುಡುಗನೂ ಇದ್ದ, ಗೇಜ್ ಕೇಳಿದ್ದ ಪಕ್ಕದ ಶೆಡ್ಡಿನ ಮಾಲೀಕರೂ ಇದ್ದರು.

ಕೊಯಮತ್ತೂರಿನವರ ಕತೆ ಹೇಳಲೇ ಇಲ್ಲ ಅಲ್ವಾ. ಮಾರ್ಚ್ 17ಕ್ಕೆ ಅವರಿಗೂ ಮೆಸೇಜ್ ಹೋಗಿತ್ತು. ಮೂರು ದಿನ ಅಂದು ಏಳು ವಾರ ಮಾಡಿದೆ, ಕ್ಷಮಿಸಿ, ಹೇಳಿದ್ದ ರೇಟು ಇದು ಅಂತ, ಆರ್ಡರ್ ಬೇರೆಯವರಿಗೆ ಹೋಗಿದೆ ಅಂತ ಗೊತ್ತಿದ್ದೂ ಕಳಿಸಿದ್ದ. ನೀಲಿ ಟಿಕ್ ಬಿತ್ತು, ಉತ್ತರವಿಲ್ಲ. ಜೂನಿನಲ್ಲೊಂದು, ಸೆಪ್ಟೆಂಬರಿನಲ್ಲೊಂದು ಸಣ್ಣ ಮೆಸೇಜು, ಎರಡಕ್ಕೂ ನೀಲಿ ಟಿಕ್ಕೇ. ನವೆಂಬರಿನಲ್ಲಿ ಒಂದು ದಿನ ರಾತ್ರಿ ಎಂಟಕ್ಕೆ ಒಂದು ಪಿಡಿಎಫ್ ಬಂತು, ಮೇಲೆ ಮೂರೇ ಪದ: ರಿವೈಸ್ಡ್ ಡ್ರಾಯಿಂಗ್, ರೇಟ್. ದಯವಿಟ್ಟು ಇಲ್ಲ, ನಮಸ್ಕಾರ ಇಲ್ಲ.

ಇವನು ಆ ರಾತ್ರಿ ಹನ್ನೊಂದರವರೆಗೆ ಕೂತು ಸೈಕಲ್ ಟೈಮ್ (ಒಂದು ಪೀಸಿಗೆ ಹಿಡಿಯುವ ಸಮಯ) ಲೆಕ್ಕ ಹಾಕಿ ರೇಟು ಕಳಿಸಿ, ಬಾಗಿಲು ಹಾಕುವ ಮುಂಚೆ ಪುಸ್ತಕ ತೆಗೆದ. ನನ್ನ ಬಾಕಿ: ಇಲ್ಲ. ಅವರ ಬಾಕಿ: ಉತ್ತರ. ಮುಂದಿನ ದಿನ: ಸೋಮವಾರ.